ಧನಗೂರಿನ ಶ್ರೀ ಷಡಕ್ಷರದೇವರು

ಮಂಡ್ಯದಿಂದ ಹೊರಟು ಮದ್ದೂರಿನಲ್ಲಿ ಶಿಂಷಾನದಿಯನ್ನು ಕಂಡು, ಅಲ್ಲಿಂದ ದಕ್ಷಿಣಾಭಿಮುಖವಾಗಿ ತಿರುಗಿ ಮಳವಳ್ಳಿಯ ಸೀಮೆಯನ್ನು ಹೊಕ್ಕ ಯಾತ್ರಿಕನು ಶಿವಭಕ್ತಿಯ ಮೂರು ಹಳೆಯ ದಾರಿಗಳು ಕೂಡುವ ನೆಲಕ್ಕೆ ಬಂದನೆಂದೇ ತಿಳಿಯಬೇಕು. ಮಳವಳ್ಳಿಯ ಸೀಮೆಗೇ ಸೇರಿದ ಬೊಪ್ಪೇಗೌಡನಪುರವು ಮಂಟೇಸ್ವಾಮಿಯವರ ಕ್ಷೇತ್ರವು. ಅಲ್ಲಿ ಪರಮಾರ್ಥವು ನೀಲಗಾರರ ಕಂಠವನ್ನೂ ತಂಬೂರಿಯನ್ನೂ ಆಶ್ರಯಿಸಿ ಊರೂರು ತಿರುಗಿತು. ಕಾವೇರಿಯನ್ನು ದಾಟಿ ಮುಂದೆ ಹೋದರೆ ಶಂಭುಲಿಂಗನ ಬೆಟ್ಟವಿದೆ. ಅಲ್ಲಿ ನಿಜಗುಣ ಶಿವಯೋಗಿಗಳು ಅರಸೊತ್ತಿಗೆಯನ್ನು ಬಿಟ್ಟು ತಪಸ್ಸಿಗೆ ಕುಳಿತರೆಂದು ಪರಂಪರೆಯು ಹೇಳುವುದು. ಅವರ ವಿವೇಕಚಿಂತಾಮಣಿಯಲ್ಲಿ ಅದೇ ಪರಮಾರ್ಥವು ಶಾಸ್ತ್ರವಾಗಿ ನಿಂತಿತು. ಇವೆರಡಕ್ಕೂ ನಡುವೆ, ಮಳವಳ್ಳಿ ತಾಲ್ಲೂಕಿನ ಧನಗೂರು ಎಂಬ ಗ್ರಾಮದ ಮಠದಲ್ಲಿ, ಮೂರನೆಯದೊಂದು ದಾರಿಯನ್ನು ಹಿಡಿದ ಮಹಾನುಭಾವರು ಇದ್ದರು. ಅವರು ಹಾಡನ್ನೂ ಹಿಡಿಯಲಿಲ್ಲ, ಶಾಸ್ತ್ರವನ್ನೂ ಹಿಡಿಯಲಿಲ್ಲ. ಅರಸು, ಅರಮನೆ, ಕುದುರೆ, ಬೇಟೆ, ವಿವಾಹ, ಯುದ್ಧಗಳಿಂದ ತುಂಬಿದ ಕಥೆಯನ್ನು ಹಿಡಿದರು. ಅವರೇ ಶ್ರೀ ಷಡಕ್ಷರದೇವರು.

ಷಡಕ್ಷರದೇವರು ಕ್ರಿಸ್ತಶಕದ ಹದಿನೇಳನೆಯ ಶತಮಾನದವರು. ಧನಗೂರು ಅವರ ಜನ್ಮಸ್ಥಳ. ಅಲ್ಲಿಯ ಮಠಕ್ಕೆ ಅವರೇ ಮುಂದೆ ಅಧಿಪತಿಗಳಾದರು. ಚಿಕ್ಕವೀರದೇಶಿಕರು ಅವರ ಗುರುಗಳು. ಷಡಕ್ಷರವೆಂಬ ಹೆಸರಿನ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ನಮಃ ಶಿವಾಯ ಎಂಬುದು ಐದು ಅಕ್ಷರದ ಮಂತ್ರವು. ಪ್ರಣವವು ಅದರೊಡನೆ ಕೂಡಿದಾಗ ಅದು ಷಡಕ್ಷರವಾಗುವುದು. ದೀಕ್ಷಾಕಾಲದಲ್ಲಿ ಗುರುವು ಶಿಷ್ಯನ ಕಿವಿಯಲ್ಲಿ ಹೇಳುವ ಮಂತ್ರವೇ ಈ ಕವಿಗೆ ಹೆಸರಾಗಿದ್ದಿತು. ಊರಿನವರು ಅವರನ್ನು ಕೂಗಿ ಕರೆದಾಗಲೆಲ್ಲ ತಿಳಿದೋ ತಿಳಿಯದೆಯೋ ಆ ಮಂತ್ರವನ್ನೇ ನೆನೆದಂತಾಗುತ್ತಿದ್ದಿತು. ಹೀಗೆ ಮಂತ್ರವನ್ನೇ ಹೆಸರಾಗಿ ಹೊತ್ತವರು ಮೊಟ್ಟಮೊದಲು ಕೈಗೆತ್ತಿಕೊಂಡ ದೊಡ್ಡ ಕಾವ್ಯದ ಕಥೆಯೂ ಆ ಪಂಚಾಕ್ಷರಿಯ ಮಹಿಮೆಯನ್ನು ಸಾರುವುದಕ್ಕಾಗಿಯೇ ಹುಟ್ಟಿದುದು. ಆ ಸಂಗತಿಯು ಮುಂದೆ ಬರುವುದು.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ೧೫೬೫ರಲ್ಲಿ ವಿಜಯನಗರವು ಹಾಳಾದ ಮೇಲೆ ವೀರಶೈವ ಕವಿಗಳಿಗೂ ಪಂಡಿತರಿಗೂ ಇದ್ದ ದೊಡ್ಡ ಆಶ್ರಯವು ತಪ್ಪಿದ್ದಿತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈವಶಮಾಡಿಕೊಂಡರು. ಮೈಸೂರಿನ ರಾಜ್ಯವು ಅಲ್ಲಿಂದ ಬೆಳೆಯತೊಡಗಿತು. ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಬಿಜಾಪುರದ ಸೈನ್ಯವು ಶ್ರೀರಂಗಪಟ್ಟಣದ ಕೋಟೆಯವರೆಗೂ ಬಂದು ಹಿಂದಿರುಗಿತು. ಕುದುರೆಯ ಕಾಲಿನ ಧೂಳು ಈ ಸೀಮೆಯ ರೈತರಿಗೆ ಹೊಸದಾಗಿರಲಿಲ್ಲ. ಕುದುರೆಯೆಂದರೆ ದರ್ಪ, ಕುದುರೆಯೆಂದರೆ ಅರಸಿನ ಬಲ; ಅದರ ಗೊರಸಿನ ಕೆಳಗೆ ಸಿಕ್ಕಿದವರಿಗೆ ನ್ಯಾಯವೆಲ್ಲಿ ಎಂಬ ಪ್ರಶ್ನೆಯು ಆ ಕಾಲದ ಬಡವರ ಮನಸ್ಸಿನಲ್ಲಿ ಇದ್ದೇ ಇದ್ದಿತು. ಇಂತಹ ದಿನಗಳಲ್ಲಿ, ೧೬೫೦ರ ದಶಕದಲ್ಲಿ, ಧನಗೂರಿನ ಮಠದ ಕವಿಯು ರಾಜಶೇಖರವಿಳಾಸವೆಂಬ ಹದಿನಾಲ್ಕು ಆಶ್ವಾಸಗಳ ಚಂಪೂಕಾವ್ಯವನ್ನು ರಚಿಸಿದರು.

ಚಂಪೂ ಎಂದರೆ ಗದ್ಯಪದ್ಯಗಳು ಬೆರೆದ ಕಾವ್ಯರೂಪವು. ಪಂಪ ರನ್ನರ ಕಾಲದಲ್ಲಿ ಅದು ಕನ್ನಡದ ರಾಜಮಾರ್ಗವಾಗಿದ್ದಿತು. ಹನ್ನೆರಡನೆಯ ಶತಮಾನದ ಶರಣರು ವಚನಗಳನ್ನು ನುಡಿದ ಮೇಲೆ, ಹರಿಹರನು ರಗಳೆಯನ್ನೂ ರಾಘವಾಂಕನು ಷಟ್ಪದಿಯನ್ನೂ ಮುಂದಕ್ಕೆ ತಂದ ಮೇಲೆ, ವೀರಶೈವ ಕವಿಗಳು ಸಾಮಾನ್ಯವಾಗಿ ಕೇಳುವವರ ಕಿವಿಗೆ ಒಗ್ಗುವ ಈ ದೇಶೀಯ ರೂಪಗಳಲ್ಲಿಯೇ ಬರೆದರು. ಭೀಮಕವಿಯ ಬಸವಪುರಾಣವೂ ಚಾಮರಸನ ಪ್ರಭುಲಿಂಗಲೀಲೆಯೂ ೧೫೮೪ರಲ್ಲಿ ವಿರೂಪಾಕ್ಷ ಪಂಡಿತನು ಬರೆದ ಚೆನ್ನಬಸವಪುರಾಣವೂ ಷಟ್ಪದಿಗಳೇ. ಹೀಗಿರಲು ಷಡಕ್ಷರದೇವರು ಹಳೆಯ ಚಂಪುವನ್ನು ಮತ್ತೆ ಎತ್ತಿಕೊಂಡುದೇಕೆ? ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಸಮನಾದ ಶಕ್ತಿಯುಳ್ಳವರು ಅವರು. ಸಂಸ್ಕೃತದಲ್ಲಿ ಕವಿಕರ್ಣರಸಾಯನವೆಂಬ ಕಾವ್ಯವನ್ನೂ ಬರೆದಿರುವರು. ತಮ್ಮ ಮತದ ಕಥೆಯು ಪಂಡಿತರ ಸಭೆಯಲ್ಲಿಯೂ ತಲೆಯೆತ್ತಿ ನಿಲ್ಲಬೇಕೆಂಬ ಹಂಬಲವು ಅವರಿಗಿದ್ದಂತೆ ತೋರುವುದು. ಆ ಹಂಬಲವು ಕೈಗೂಡಿತು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅದನ್ನು ಮುಂದೆ ನೋಡೋಣ.

ರಾಜಶೇಖರವಿಳಾಸದ ಕಥೆಯನ್ನು ಕವಿಯು ತಾನಾಗಿ ಕಟ್ಟಲಿಲ್ಲ. ಅದಕ್ಕೆ ಮೊದಲು, ೧೫೧೩ರಲ್ಲಿ, ಗುಬ್ಬಿಯ ಮಲ್ಲಣಾರ್ಯನು ಭಾವಚಿಂತಾರತ್ನವೆಂಬ ಕಾವ್ಯವನ್ನು ಬರೆದಿದ್ದನು. ಸತ್ಯೇಂದ್ರಚೋಳನ ಕಥೆಯೆಂದೂ ಅದಕ್ಕೆ ಹೆಸರುಂಟು. ಪಂಚಾಕ್ಷರಿಯ ಮಹಿಮೆಯನ್ನು ತಿಳಿಸುವುದೇ ಅದರ ಉದ್ದೇಶ. ಈ ಕಥೆಯನ್ನು ಮೊದಲು ಹೇಳಿದವರು ತಮಿಳುನಾಡಿನ ಜ್ಞಾನಸಂಬಂಧರು, ಎಂದರೆ ನಮ್ಮವರು ಪಿಳ್ಳೆನೈನಾರೆಂದು ಕರೆಯುವ ಬಾಲಭಕ್ತರು, ಎಂಬುದು ಪರಂಪರೆ. ತಮಿಳಿನವರಲ್ಲಿ ಇದಕ್ಕೆ ಹೋಲುವ ಇನ್ನೊಂದು ಕಥೆಯೂ ಪ್ರಸಿದ್ಧವಾಗಿದೆ: ತಿರುವಾರೂರಿನ ಮನುನೀತಿಚೋಳನ ಮಗನ ರಥಕ್ಕೆ ಸಿಕ್ಕಿ ಕರುವೊಂದು ಸತ್ತಿತು, ತಾಯಿಹಸುವು ಅರಮನೆಯ ಗಂಟೆಯನ್ನು ಎಳೆದು ನ್ಯಾಯವನ್ನು ಬೇಡಿತು, ಅರಸನು ತನ್ನ ಮಗನ ಮೇಲೆಯೇ ರಥವನ್ನು ಹರಿಸಿದನು, ಶಿವನು ಪ್ರತ್ಯಕ್ಷನಾಗಿ ಇಬ್ಬರನ್ನೂ ಬದುಕಿಸಿದನು. ಹನ್ನೆರಡನೆಯ ಶತಮಾನದ ಸೇಕ್ಕಿಳಾರರ ಪೆರಿಯಪುರಾಣದಲ್ಲಿ ಈ ಕಥೆಯು ಬರುವುದು. ಕಾವೇರಿಯ ನೀರು ನಮ್ಮಿಂದ ತಮಿಳುನಾಡಿಗೆ ಇಳಿದು ಹೋದರೆ, ಶಿವಕಥೆಗಳು ಅಲ್ಲಿಂದ ಮೇಲಕ್ಕೆ ಹತ್ತಿ ಬಂದುವು. ಕೊಟ್ಟುದೂ ಉಂಟು. ಷಡಕ್ಷರದೇವರು ಬದುಕಿದ್ದ ಶತಮಾನದಲ್ಲಿಯೇ ತಮಿಳಿನ ಶಿವಪ್ರಕಾಶಸ್ವಾಮಿಗಳು ನಮ್ಮ ಚಾಮರಸನ ಪ್ರಭುಲಿಂಗಲೀಲೆಯನ್ನು ತಮ್ಮ ನುಡಿಗೆ ಕೊಂಡೊಯ್ದರು.

ಪ್ರಭುಲಿಂಗಲೀಲೆಯ ಮಾತು ಬಂದುದರಿಂದ ವೀರಶೈವ ಸಾಹಿತ್ಯದ ಒಂದು ಹಳೆಯ ಪದ್ಧತಿಯನ್ನು ವಾಚಕರಿಗೆ ನೆನಪಿಗೆ ತರಬೇಕಾಗಿದೆ. ಪ್ರೌಢದೇವರಾಯನ ಕಾಲದಲ್ಲಿ, ಎಂದರೆ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ, ಚಾಮರಸನು ಅಲ್ಲಮಪ್ರಭುವಿನ ಕಥೆಯನ್ನು ಹೇಳುವಾಗ ಪ್ರಭುವಿನ ತಂದೆತಾಯಿಗಳನ್ನು ನಿರಹಂಕಾರ, ಸುಜ್ಞಾನಿಯರೆಂದು ಕರೆದನು. ಬನವಸೆಯ ಅರಸನು ಮಮಕಾರ. ಅವನ ರಾಣಿಯು ಮೋಹಿನಿ. ಅವರ ಮಗಳು ಮಾಯೆ. ಹೆಸರುಗಳನ್ನು ಕೇಳಿದೊಡನೆಯೇ ಇದು ಬನವಸೆಯ ವೃತ್ತಾಂತ ಮಾತ್ರವೆಂದು ಯಾರೂ ಭ್ರಮಿಸುವಂತಿಲ್ಲ. ನನ್ನದೆಂಬ ಭಾವವೂ ಮರುಳೂ ಕೂಡಿದ ಮನೆಯಲ್ಲಿ ಮಾಯೆ ಹುಟ್ಟುವುದು. ನಾನೆಂಬುದು ಅಳಿದ ಮನೆಯಲ್ಲಿ ಪ್ರಭು ಹುಟ್ಟುವನು. ಕೇಳುವವನು ಕಥೆಯನ್ನು ಕೇಳುತ್ತಿರುವನು. ಅಷ್ಟರಲ್ಲಿ ಅವನ ಒಳಗಿನ ಸಂಗತಿಯೇ ಅವನೆದುರಿಗೆ ವೇಷ ಹಾಕಿಕೊಂಡು ಬಂದು ನಿಂತಿರುವುದು.

ಷಡಕ್ಷರದೇವರು ಈ ಪದ್ಧತಿಯನ್ನು ಇಷ್ಟು ಬಿಚ್ಚಿ ತೋರಿಸಲಿಲ್ಲ. ಅವರ ಕಥೆಯು ಮೇಲ್ನೋಟಕ್ಕೆ ಅರಮನೆಯ ಕಥೆಯೇ. ಸತ್ಯೇಂದ್ರಚೋಳನೆಂಬ ಶಿವಭಕ್ತನಾದ ಅರಸನು. ಅವನ ಮಗ ರಾಜಶೇಖರನು. ಮಂತ್ರಿಯ ಮಗನಾದ ಮಿತವಚನನು ರಾಜಕುಮಾರನಿಗೆ ಪ್ರಾಣಸ್ನೇಹಿತನು. ಬಾಲ್ಯ, ವಿದ್ಯೆ, ದಿಗ್ವಿಜಯ, ಪ್ರಣಯ, ವಿವಾಹ ಇವೆಲ್ಲವೂ ಮಹಾಕಾವ್ಯದ ಲಕ್ಷಣಕ್ಕೆ ತಕ್ಕಂತೆ ನಡೆದು ಬರುವುವು. ವಸಂತವರ್ಣನೆ, ಚಂದ್ರೋದಯವರ್ಣನೆಗಳಿಗೆ ಕೊರತೆಯಿಲ್ಲ. ಕೆಲವರಿಗೆ ಕೊರತೆಯಿದ್ದರೆ ಚೆನ್ನಾಗಿತ್ತೆಂದೂ ಅನ್ನಿಸಬಹುದು. ಆ ಬಳಿಕ ಒಂದು ದಿನ ಗೆಳೆಯರಿಬ್ಬರೂ ಉತ್ತಮಾಶ್ವಗಳನ್ನೇರಿ ಜನನಿಬಿಡವಾದ ರಾಜಬೀದಿಯಲ್ಲಿ ಓಡಿಸಿಕೊಂಡು ಹೋಗುವರು. ಶಂಕರನೆಂಬ ಒಂದು ಮಗು ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ಸಾಯುವುದು. ಅದರ ತಾಯಿ ತಿರುಕೊಳವಿನಾಚಿ, ಶಿವಭಕ್ತೆ. ಅವಳು ಮಗುವಿನ ದೇಹವನ್ನು ಮಡಿಲಲ್ಲಿಟ್ಟುಕೊಂಡು ಗೋಳಾಡುವಳು. ಅರಸನ ಬಳಿಗೆ ಹೋಗಿ ನ್ಯಾಯವನ್ನು ಬೇಡುವಳು. ಅರಸನು ತನ್ನ ಮಗನಿಗೇ ಮರಣದಂಡನೆಯನ್ನು ವಿಧಿಸುವನು. ಆಜ್ಞೆಯು ನೆರವೇರುವುದು. ಕೊನೆಗೆ ಶಿವನು ಪ್ರತ್ಯಕ್ಷನಾಗಿ ಮಡಿದವರನ್ನು ಎಬ್ಬಿಸುವನು.

ಈ ಕಥೆಯನ್ನು ನ್ಯಾಯದ ಕಥೆಯೆಂದು ಓದಿದರೂ ಅದು ದೊಡ್ಡ ಕಥೆಯೇ. ಆದರೆ ಹೆಸರುಗಳನ್ನು ಸ್ವಲ್ಪ ನಿಧಾನವಾಗಿ ನೋಡಿದವರಿಗೆ ಬೇರೊಂದು ಬಾಗಿಲು ತೆರೆಯುವುದು. ರಾಜನೆಂದರೆ ಚಂದ್ರನೆಂದೂ ಅರ್ಥವುಂಟು. ಚಂದ್ರನನ್ನು ತಲೆಯಲ್ಲಿ ಧರಿಸಿದವನು ರಾಜಶೇಖರ, ಎಂದರೆ ಶಿವ. ಸತ್ತ ಮಗುವಿನ ಹೆಸರು ಶಂಕರ. ಅದೂ ಶಿವನ ಹೆಸರೇ. ದಂಡನೆಯನ್ನು ವಿಧಿಸಿದವನು ಸತ್ಯೇಂದ್ರ, ಸತ್ಯದ ಒಡೆಯ. ಹಾಗಾದರೆ ಕುದುರೆಯ ಮೇಲೆ ದರ್ಪದಿಂದ ಬಂದವನೂ ಶಿವನ ಹೆಸರಿನವನು, ಕುದುರೆಯ ಕಾಲ ಕೆಳಗೆ ಸಿಕ್ಕಿದವನೂ ಶಿವನ ಹೆಸರಿನವನು. ಇಬ್ಬರ ನಡುವೆ ತೀರ್ಪನ್ನು ಹೇಳಬೇಕಾದುದು ಸತ್ಯವು. ಪಕ್ಕದಲ್ಲಿ ಮಿತವಚನನಿದ್ದನು. ಮಾತಿನಲ್ಲಿ ಮಿತವಿದ್ದರೆ ಸಾಲದು, ಕಡಿವಾಣದಲ್ಲಿಯೂ ಮಿತವಿರಬೇಕೆಂಬುದು ಆ ಬೀದಿಯಲ್ಲಿ ಗೊತ್ತಾಯಿತು. ಕುದುರೆಯ ಸಂಕೇತವಂತೂ ನಮ್ಮವರಿಗೆ ಹೊಸದಲ್ಲ. ಶರೀರವು ರಥ, ಇಂದ್ರಿಯಗಳು ಕುದುರೆ, ಮನಸ್ಸು ಕಡಿವಾಣ, ಬುದ್ಧಿಯು ಸಾರಥಿ ಎಂಬ ಹೋಲಿಕೆಯು ಕಠೋಪನಿಷತ್ತಿನಿಂದ ಬಂದುದು. ಯೌವನ, ಅಧಿಕಾರ, ಒಳ್ಳೆಯ ಕುದುರೆ ಈ ಮೂರೂ ಕೂಡಿದಾಗ ಎದುರಿಗೆ ಬಂದ ಶಿವನನ್ನೇ ತುಳಿದೇವೆಂಬ ಅರಿವು ಸವಾರನಿಗೆ ಇರುವುದಿಲ್ಲ. ಜಂಗಮವೂ ಶಿಶುವೂ ಬಡವನೂ ಶಿವನೆಂದು ದಿನವೂ ಕೇಳುವ ಭಕ್ತನು ಬೀದಿಗೆ ಬಂದೊಡನೆ ಅದನ್ನು ಮರೆಯುವನು. ಕವಿಯು ಇದನ್ನು ಉಪದೇಶವಾಗಿ ಹೇಳಿದ್ದರೆ ನಾಲ್ಕು ಸಾಲಿನಲ್ಲಿ ಮುಗಿಯುತ್ತಿದ್ದಿತು, ಯಾರಿಗೂ ನೋವಾಗುತ್ತಿರಲಿಲ್ಲ. ಅವರು ಒಂದು ಮಗುವನ್ನು ಬೀದಿಯಲ್ಲಿ ಸಾಯಿಸಿ, ತಾಯಿಯನ್ನು ಅದರ ಪಕ್ಕದಲ್ಲಿ ಕೂರಿಸಿದರು.

ತಿರುಕೊಳವಿನಾಚಿಯ ಪ್ರಲಾಪವು ಈ ಕಾವ್ಯದ ಜೀವವು. ಅಲ್ಲಿಯವರೆಗೆ ದೀರ್ಘಸಮಾಸಗಳಲ್ಲಿ ಮೆರೆಯುತ್ತಿದ್ದ ಕವಿಯು ಆ ತಾಯಿಯ ಬಳಿಗೆ ಬಂದಾಗ ತನ್ನ ಪಾಂಡಿತ್ಯವನ್ನು ಎಷ್ಟೋ ಮಟ್ಟಿಗೆ ಇಳಿಸಿಬಿಡುವರು. ಮಗನ ಆಟ, ಮಗನ ಮಾತು, ಬೆಳಿಗ್ಗೆ ಮನೆಯಿಂದ ಹೊರಟ ಕೂಸು ಈಗ ಮಡಿಲಲ್ಲಿ ಮಾತಿಲ್ಲದೆ ಮಲಗಿರುವ ಸಂಗತಿ ಇವು ಯಾವ ಅಲಂಕಾರಶಾಸ್ತ್ರವನ್ನೂ ಓದದ ಹಳ್ಳಿಯ ಹೆಂಗಸಿಗೂ ತಿಳಿಯುವುವು. ಹಳೆಯ ಮೈಸೂರಿನ ವಿದ್ಯಾರ್ಥಿಗಳು ಈ ಕಾವ್ಯದ ಉಳಿದ ಭಾಗವನ್ನು ಮರೆತರೂ ಈ ಭಾಗವನ್ನು ಮರೆಯಲಿಲ್ಲ. ಗಮಕಿಗಳು ಇದನ್ನು ಓದುವಾಗ ಸಭೆಯಲ್ಲಿ ಕಣ್ಣೊರಸಿಕೊಳ್ಳದವರು ಕಡಮೆ. ಸಂಸಾರವನ್ನು ಕಟ್ಟಿಕೊಳ್ಳದ ಮಠಾಧಿಪತಿಯೊಬ್ಬರಿಗೆ ತಾಯಿಯ ಸಂಕಟವು ಇಷ್ಟು ನಿಕಟವಾಗಿ ತಿಳಿದುದು ಹೇಗೆ ಎಂದು ಕೇಳುವವರಿದ್ದಾರೆ. ಮಠದ ಬಾಗಿಲಿಗೆ ಬರುವವರಲ್ಲಿ ಸುಖಿಗಳು ಎಷ್ಟು ಮಂದಿ? ಬರ, ಜ್ವರ, ಯುದ್ಧಗಳಲ್ಲಿ ಮಕ್ಕಳನ್ನು ಕಳೆದುಕೊಂಡವರು ವಿಭೂತಿಗಾಗಿಯೂ ಒಂದು ಮಾತಿಗಾಗಿಯೂ ಗುರುವಿನ ಬಳಿಗೇ ಬರುವರು. ಮಠದ ಜಗುಲಿಯಲ್ಲಿ ಕುಳಿತವನು ಲೋಕದ ಅಳುವನ್ನು ಗೃಹಸ್ಥನಿಗಿಂತ ಹೆಚ್ಚಾಗಿಯೇ ಕೇಳುವನು.

ಆದರೂ ಈ ಕಾವ್ಯದ ವಿಷಯದಲ್ಲಿ ಭಕ್ತರ ಮನಸ್ಸಿನಲ್ಲಿ ಏಳುವ ಎರಡು ಆಕ್ಷೇಪಗಳನ್ನು ಮರೆಮಾಡುವುದು ಸರಿಯಲ್ಲ. ವಿರಕ್ತಿಯನ್ನು ಬೋಧಿಸಬೇಕಾದ ಪೀಠದಲ್ಲಿ ಕುಳಿತವರು ಶೃಂಗಾರವನ್ನು ಇಷ್ಟು ವಿಸ್ತಾರವಾಗಿ ಬರೆಯಬಹುದೇ ಎಂಬುದು ಮೊದಲನೆಯದು. ಮಹಾಕಾವ್ಯದ ಲಕ್ಷಣವು ಅದನ್ನು ಬೇಡುವುದೆಂದು ಪಂಡಿತರು ಸಮಾಧಾನ ಹೇಳುವರು. ಅದು ಅರ್ಧ ಸಮಾಧಾನ ಮಾತ್ರ. ಕಥೆಯ ನಡೆಯನ್ನೇ ನೋಡಿದರೆ ಉತ್ತರವು ದೊರೆಯುವುದು. ರಾಜಕುಮಾರನ ಸುಖವನ್ನು ಕವಿಯು ತುಂಬ ಎತ್ತರಕ್ಕೆ ಏರಿಸಿದುದು ಅಲ್ಲಿಂದ ಅವನನ್ನು ಕೆಡಹುವುದಕ್ಕಾಗಿಯೇ. ವಿವಾಹಮಂಟಪದ ಬೆಳಕು ಕಣ್ಣಿನಲ್ಲಿ ಇನ್ನೂ ಇರುವಾಗಲೇ ವಧ್ಯಸ್ಥಾನವು ಎದುರಾಗುವುದು. ಸುಖವನ್ನು ಎರಡು ಮಾತಿನಲ್ಲಿ ತಳ್ಳಿಹಾಕಿದ್ದರೆ ಅದರ ನಾಶವು ನಮ್ಮನ್ನು ಮುಟ್ಟುತ್ತಿರಲಿಲ್ಲ. ಆದರೂ ಕೆಲವು ವರ್ಣನೆಗಳು ಅವಶ್ಯಕ್ಕಿಂತ ಉದ್ದವಾಗಿವೆಯೆಂಬುದನ್ನು ಒಪ್ಪಲೇಬೇಕು. ಕವಿಯ ಕೈಗೆ ಆ ಸಾಮರ್ಥ್ಯವಿದ್ದುದೇ ಅಲ್ಲಿ ಅದರ ದೋಷವೂ ಆಯಿತು.

ಎರಡನೆಯ ಆಕ್ಷೇಪವು ಇದಕ್ಕಿಂತ ಭಾರವಾದುದು. ಜನರ ಮಾತಿನಲ್ಲಿಯೇ ಶಿವಾನುಭವವನ್ನು ಇಳಿಸಿದ ಶರಣರ ಮತದಲ್ಲಿ ಹುಟ್ಟಿ, ಪಂಡಿತನ ಸಹಾಯವಿಲ್ಲದೆ ಓದಲಾಗದ ಭಾಷೆಯಲ್ಲಿ ಬರೆದರೆ ಆ ಸತ್ಯವು ಯಾರಿಗೆ ತಲಪಬೇಕು? ಧನಗೂರಿನ ರೈತನು ಮಂಟೇಸ್ವಾಮಿಯವರ ಪದವನ್ನು ರಾತ್ರಿಯೆಲ್ಲ ಕುಳಿತು ಕೇಳಬಲ್ಲನು. ತನ್ನ ಊರಿನ ಕವಿಯ ಕಾವ್ಯವನ್ನು ಹಾಗೆ ಕೇಳಲಾರನು. ಈ ಆಕ್ಷೇಪಕ್ಕೆ ಪೂರ್ಣವಾದ ಉತ್ತರವಿಲ್ಲ. ಕವಿಯು ಗೆದ್ದ ಸಭೆಯು ದೊಡ್ಡದು. ಕಳೆದುಕೊಂಡ ಸಭೆಯು ಅದಕ್ಕಿಂತ ದೊಡ್ಡದು. ತಿರುಕೊಳವಿನಾಚಿಯೊಬ್ಬಳು ಮಾತ್ರ ಎರಡು ಸಭೆಗಳಲ್ಲಿಯೂ ಕುಳಿತಳು.

ಶಬರಶಂಕರವಿಳಾಸವು ಷಡಕ್ಷರದೇವರ ಮತ್ತೊಂದು ಚಂಪೂಕಾವ್ಯವು. ಐದೇ ಆಶ್ವಾಸಗಳ ಚಿಕ್ಕ ಗ್ರಂಥ. ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡುತ್ತಿರುವಾಗ ಶಿವನು ಬೇಡನ ವೇಷದಲ್ಲಿ ಬಂದು, ಹಂದಿಯೊಂದರ ನೆಪದಿಂದ ಜಗಳ ತೆಗೆದು, ಅವನೊಡನೆ ಹೋರಾಡಿದ ಕಥೆಯು ಭಾರತದ ವನಪರ್ವದಲ್ಲಿದೆ. ಸಂಸ್ಕೃತದಲ್ಲಿ ಭಾರವಿಯು ಅದನ್ನೇ ಕಿರಾತಾರ್ಜುನೀಯವಾಗಿ ವಿಸ್ತರಿಸಿದನು. ಸತ್ಯಾನ್ವೇಷಣೆಯ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಥೆಯು ನಮ್ಮ ಪುರಾಣಗಳಲ್ಲಿ ಮತ್ತೊಂದಿಲ್ಲವೆಂದರೂ ಸಲ್ಲುವುದು. ತಪಸ್ವಿಯು ಯಾರಿಗಾಗಿ ಅನ್ನಾಹಾರಗಳನ್ನು ಬಿಟ್ಟು ಕುಳಿತಿದ್ದನೋ ಅವನೇ ಎದುರಿಗೆ ಬಂದು ನಿಂತನು. ಆದರೆ ಬಂದುದು ಬೇಡನ ವೇಷದಲ್ಲಿ. ಕ್ಷತ್ರಿಯನಿಗೆ ಅವನು ಕೀಳುಜಾತಿಯ ಕಾಡುಮನುಷ್ಯನಾಗಿ ಕಂಡನು. ಅರ್ಜುನನು ಬಾಣವನ್ನು ಬಿಟ್ಟನು, ಬತ್ತಳಿಕೆಯು ಬರಿದಾಯಿತು, ಬಿಲ್ಲಿನಿಂದ ಹೊಡೆದನು, ಅದೂ ಹೋಯಿತು, ಕೈಕೈ ಮಿಲಾಯಿಸಿದನು, ಸೋತನು. ಆಗ ಮಣ್ಣಿನಿಂದ ಶಿವನ ಮೂರ್ತಿಯನ್ನು ಮಾಡಿ ಹೂವಿಟ್ಟು ಪೂಜಿಸಿದನೆಂದೂ, ತಾನು ಇಟ್ಟ ಹೂಮಾಲೆಯು ಬೇಡನ ತಲೆಯ ಮೇಲೆ ಇದ್ದುದನ್ನು ಕಂಡು ಬೆಚ್ಚಿ ಅವನ ಕಾಲಿಗೆ ಬಿದ್ದನೆಂದೂ ಭಾರತವು ಹೇಳುವುದು.

ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ದಿನವೂ ಪುಷ್ಪವನ್ನೇರಿಸುವ ಭಕ್ತನಿಗೆ ಈ ಹೂವಿನ ಸಂಗತಿಯನ್ನು ವಿವರಿಸುವುದು ಬೇಕಿಲ್ಲ. ಪೂಜೆಯ ಹೂವು ಎಲ್ಲಿಗೆ ಹೋಗಿ ಸೇರುವುದೆಂಬುದನ್ನು ತಿಳಿಯಬೇಕಾದರೆ ಎದುರಿಗೆ ನಿಂತವನ ತಲೆಯನ್ನು ನೋಡಬೇಕು. ಅವನು ಬೇಡನೇ ಆಗಿರಲಿ, ಜಗಳಗಂಟನೇ ಆಗಿರಲಿ. ರಾಜಶೇಖರನು ಬೀದಿಯಲ್ಲಿ ಗುರುತಿಸದೆ ಹೋದ ಶಂಕರನನ್ನು ಅರ್ಜುನನು ಕಾಡಿನಲ್ಲಿ ಸೋತ ಮೇಲೆ ಗುರುತಿಸಿದನು. ಎರಡು ಕಥೆಗಳನ್ನೂ ಬರೆದ ಕೈಯು ಒಂದೇ ಎಂಬುದನ್ನು ಹೇಳುವುದಕ್ಕೆ ಭಾಷೆಯ ಸಾಕ್ಷ್ಯಕ್ಕಿಂತ ಈ ಸಾಕ್ಷ್ಯವೇ ಬಲವಾದುದು.

ರಾಜಶೇಖರವಿಳಾಸವನ್ನು ಮುಗಿಸಿದ ಬಹಳ ವರ್ಷಗಳ ಮೇಲೆ, ೧೬೭೦ರ ದಶಕದಲ್ಲಿ, ಷಡಕ್ಷರದೇವರು ತಮ್ಮ ಅತ್ಯಂತ ದೊಡ್ಡ ಕಾವ್ಯವಾದ ವೃಷಭೇಂದ್ರವಿಜಯವನ್ನು ಪೂರೈಸಿದರು. ಅಷ್ಟರಲ್ಲಿ ಕಂಠೀರವ ನರಸರಾಜರು ತೀರಿಕೊಂಡು, ದೊಡ್ಡದೇವರಾಜರ ಆಳಿಕೆಯೂ ಕಳೆದು, ೧೬೭೩ರಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬಂದರು. ಶ್ರೀರಂಗಪಟ್ಟಣದ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯರಂತಹ ವೈಷ್ಣವ ಕವಿಗಳು ಮೆರೆಯುತ್ತಿದ್ದ ಕಾಲವದು. ಅಂತಹ ಕಾಲದಲ್ಲಿ, ಆಸ್ಥಾನದಿಂದ ದೂರವಾದ ಮಠದಲ್ಲಿ ಕುಳಿತು, ಈ ಕವಿಯು ಬಸವೇಶ್ವರರ ಚರಿತ್ರೆಯನ್ನು ನಲವತ್ತೆರಡು ಆಶ್ವಾಸಗಳಲ್ಲಿ ಹೇಳಿದರು. ಬಸವಣ್ಣನವರ ಕಥೆಯನ್ನು ಹರಿಹರನು ರಗಳೆಯಲ್ಲಿಯೂ, ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿಯೂ, ೧೩೬೯ರಲ್ಲಿ ಭೀಮಕವಿಯು ಕನ್ನಡದ ಷಟ್ಪದಿಯಲ್ಲಿಯೂ ಹೇಳಿದ್ದರು. ಅದನ್ನು ಪ್ರೌಢವಾದ ಚಂಪುವಿಗೆ ಏರಿಸಿದ ಕೀರ್ತಿಯು ಷಡಕ್ಷರದೇವರದು.

ಇಲ್ಲಿ ಗಮನಿಸಬೇಕಾದ ವಿಶೇಷವೊಂದುಂಟು. ಹಿಂದಿನ ಎರಡು ಕಥೆಗಳಲ್ಲಿ ಅರಸುಮಕ್ಕಳು ನಾಯಕರು. ಅವರಿಗೆ ಸತ್ಯವು ಹೊರಗಿನಿಂದ ಬಂದು ಪೆಟ್ಟು ಕೊಟ್ಟಿತು. ಇಲ್ಲಿಯ ನಾಯಕನು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡಿದ್ದವನು. ಅರಮನೆಯೊಳಗೆ ಇದ್ದುಕೊಂಡೇ ಅರಮನೆಗೆ ಸೇರದವನು. ಸಂಪ್ರದಾಯದಲ್ಲಿ ಬಸವಣ್ಣನವರನ್ನು ವೃಷಭನ ಅವತಾರವೆಂದು ಭಾವಿಸುವರು. ಕಾವ್ಯದ ಹೆಸರಿನಲ್ಲಿಯೇ ಆ ಭಾವವಿದೆ. ವೃಷಭವೆಂದರೆ ಧರ್ಮವೆಂದು ಹಿರಿಯರು ಹೇಳುವರು. ರಾಜಶೇಖರನ ಕಥೆಯ ಕುದುರೆಯು ಓಡಿತು, ತುಳಿಯಿತು. ಶಿವನ ವೃಷಭವು ನಡೆಯುವುದು, ಹೊರುವುದು. ನಮ್ಮ ಸೀಮೆಯ ರೈತನಿಗೆ ಈ ಭೇದವನ್ನು ಯಾವ ವ್ಯಾಖ್ಯಾನಕಾರನೂ ತಿಳಿಸಿಕೊಡಬೇಕಾಗಿಲ್ಲ. ಕುದುರೆಯು ಅವನ ಬೆಳೆಯ ನಡುವೆ ದಂಡಿನೊಡನೆ ಬಂದುದು. ಬಸವನು ಅವನ ಕೊಟ್ಟಿಗೆಯಲ್ಲಿ ಹುಟ್ಟಿ, ಅವನ ನೊಗವನ್ನು ಹೊತ್ತು, ಅವನ ಕಣಕ್ಕೆ ರಾಗಿಯ ತೆನೆಯನ್ನು ತಂದುದು. ಯೌವನದಲ್ಲಿ ಕುದುರೆಯ ಕಥೆಯನ್ನು ಬರೆದ ಕವಿಯು ವಯಸ್ಸು ಮಾಗಿದ ಮೇಲೆ ವೃಷಭದ ಕಥೆಗೆ ಬಂದರು. ಕಟ್ಟುಕಥೆಯ ಮರೆಯಲ್ಲಿ ಹುಡುಕುತ್ತಿದ್ದುದನ್ನು ನಡೆದ ಬಾಳಿನಲ್ಲಿ, ಗುರುವಿನ ಚರಿತ್ರೆಯಲ್ಲಿ ನೇರವಾಗಿ ನೋಡುವ ಧೈರ್ಯವು ಆಗ ಅವರಿಗೆ ಬಂದಿತು.

ಕಾವ್ಯದ ಗುಣದ ದೃಷ್ಟಿಯಿಂದ ಮಾತ್ರ ರಾಜಶೇಖರವಿಳಾಸವೇ ಮೇಲೆಂದು ಬಹುಮಂದಿ ವಿಮರ್ಶಕರ ಮತ. ವೃಷಭೇಂದ್ರವಿಜಯದಲ್ಲಿ ಶರಣರ ಕಥೆಗಳು ಒಂದರ ಹಿಂದೊಂದು ಬರುವುದರಿಂದ ಕಥೆಯ ಓಟವು ನಿಲ್ಲುವುದುಂಟು. ಹರಿಹರನ ಬಸವಣ್ಣನನ್ನು ಕಂಡವರಿಗೆ ಇಲ್ಲಿಯ ಬಸವಣ್ಣನು ಒಡವೆವಸ್ತ್ರಗಳ ಭಾರದಲ್ಲಿ ಸ್ವಲ್ಪ ದೂರ ನಿಂತಂತೆ ಕಾಣುವನು. ಆದರೆ ಭಕ್ತರು ಕಾವ್ಯಗಳನ್ನು ಆ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಮಠಗಳಲ್ಲಿ ಪುರಾಣವನ್ನು ಓದಿಸುವವರು ವೃಷಭೇಂದ್ರವಿಜಯದ ಓಲೆಯ ಕಟ್ಟುಗಳನ್ನು ಜೋಪಾನಮಾಡಿದರು.

ಷಡಕ್ಷರದೇವರ ಉತ್ತರವಯಸ್ಸು ಯಳಂದೂರಿನೊಡನೆ ಸೇರಿಕೊಂಡಿದೆ. ಮಳವಳ್ಳಿಯಿಂದ ಹೊರಟು, ಶಿವನಸಮುದ್ರದ ಬಳಿ ಕಾವೇರಿಯನ್ನು ದಾಟಿ, ಕೊಳ್ಳೇಗಾಲದ ಮೇಲೆ ಹೋದರೆ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಸೀಮೆಯಲ್ಲಿ ಯಳಂದೂರು ಸಿಕ್ಕುವುದು. ಆ ಸಣ್ಣ ಊರು ಆ ಶತಮಾನದಲ್ಲಿ ಕನ್ನಡಕ್ಕೆ ಕೊಟ್ಟ ಕಾಣಿಕೆಯು ಆಶ್ಚರ್ಯಕರವಾದುದು. ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮನು ಆ ಊರಿನವಳು. ಚಿಕ್ಕದೇವರಾಜರ ಮಂತ್ರಿಯಾದ ಜೈನ ವಿಶಾಲಾಕ್ಷಪಂಡಿತನೂ ಅಲ್ಲಿಯವನೇ. ಜೈನ ಮಂತ್ರಿ, ಅರಮನೆಯ ಸಂಚಿಯನ್ನು ಹಿಡಿದ ಹೆಂಗಸು, ವೀರಶೈವ ಗುರು ಈ ಮೂವರ ಹೆಸರುಗಳೂ ಆ ಒಂದು ಊರಿಗೆ ಅಂಟಿಕೊಂಡಿವೆ. ಷಡಕ್ಷರದೇವರ ಗದ್ದುಗೆಯು ಯಳಂದೂರಿನಲ್ಲಿದೆ. ಹಿಂದೆ ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರ ವಂಶದ ಜಹಗೀರಾಗಿದ್ದ ಆ ಊರು ೧೯೯೭ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಕವಿಯು ಹುಟ್ಟಿದ ಧನಗೂರು ೧೯೩೯ರಲ್ಲಿ ರಚಿತವಾದ ಮಂಡ್ಯ ಜಿಲ್ಲೆಯಲ್ಲಿದೆ. ಜಿಲ್ಲೆಗಳ ಗಡಿಯು ಭಕ್ತರ ನಡೆಯನ್ನು ತಡೆಯುವುದಿಲ್ಲ.

ಅವರ ಬಳಿಕ ಅಷ್ಟು ಎತ್ತರದ ಚಂಪೂಕವಿಯು ಕನ್ನಡದಲ್ಲಿ ಹುಟ್ಟಲಿಲ್ಲ. ಪಂಪನಿಂದ ಹೊರಟ ಆ ದಾರಿಯ ಕೊನೆಯ ದೊಡ್ಡ ಯಾತ್ರಿಕರು ಅವರು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಜಶೇಖರವಿಳಾಸವು ಅಚ್ಚಾದ ಮೇಲೆ ಓಲೆಯ ಕಟ್ಟಿನಿಂದ ಹೊರಬಿದ್ದು ಶಾಲೆ ಕಾಲೇಜುಗಳನ್ನು ಹೊಕ್ಕಿತು. ಕನ್ನಡ ಪಂಡಿತನೆನ್ನಿಸಿಕೊಳ್ಳಬೇಕಾದವನು ಜೈಮಿನಿಭಾರತದೊಡನೆ ಈ ಕಾವ್ಯವನ್ನೂ ಓದಿರಬೇಕೆಂಬ ನಿರೀಕ್ಷೆಯು ಬೆಳೆಯಿತು. ಆರ್. ನರಸಿಂಹಾಚಾರ್ಯರು ೧೯೧೯ರಲ್ಲಿ ಪ್ರಕಟಿಸಿದ ಕರ್ಣಾಟಕ ಕವಿಚರಿತೆಯ ಎರಡನೆಯ ಸಂಪುಟದಲ್ಲಿ ಈ ಕವಿಗೆ ತಕ್ಕ ಸ್ಥಾನವನ್ನು ಕೊಟ್ಟರು. ಮುಂದೆ ಸಾಹಿತ್ಯದ ರುಚಿಯು ಬದಲಾಯಿತು. ವಚನಗಳು ಅಚ್ಚಾಗಿ ಮನೆಮನೆಗೆ ಬಂದುವು. ಹೊಸ ಓದುಗರು ಹರಿಹರನಲ್ಲಿಯೂ ಶರಣರಲ್ಲಿಯೂ ತಮಗೆ ಬೇಕಾದುದನ್ನು ಕಂಡುಕೊಂಡರು. ದೀರ್ಘಸಮಾಸಗಳ ಚಂಪುವು ಕಪ್ಪಾಟಿನ ಮೇಲಿನ ಹಲಗೆಗೆ ಏರಿತು. ಅದು ಅನ್ಯಾಯವೆಂದು ದೂರುವುದಕ್ಕೆ ಕಾರಣವಿಲ್ಲ; ಕವಿಯು ಆರಿಸಿಕೊಂಡ ಭಾಷೆಯ ಫಲವೇ ಅದು.

ಆದರೂ ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದವರು ಆ ಹದಿನಾಲ್ಕು ಆಶ್ವಾಸಗಳಲ್ಲಿ ಹುಡುಗರಿಗಾಗಿ ಒಂದು ಭಾಗವನ್ನು ಆರಿಸಬೇಕಾಗಿ ಬಂದಾಗ ದಿಗ್ವಿಜಯವನ್ನಾಗಲಿ ಚಂದ್ರೋದಯವನ್ನಾಗಲಿ ಆರಿಸಲಿಲ್ಲ. ಹಳೆಯ ತಲೆಮಾರಿನ ಉಪಾಧ್ಯಾಯರು ತರಗತಿಯಲ್ಲಿ ಪುಸ್ತಕವನ್ನು ಮುಚ್ಚಿಟ್ಟು, ನೆನಪಿನಿಂದಲೇ ರಾಗವಾಗಿ ಓದುತ್ತಿದ್ದುದು ಬೀದಿಯ ಧೂಳಿನಲ್ಲಿ ಶಂಕರನನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಿರುಕೊಳವಿನಾಚಿಯ ಭಾಗವನ್ನು.